ವೆಸ್ನಾ ಪರುನ್ ಅವರನ್ನು ‘ಪಾಪ’ ಅನ್ನಿಸಬೇಡಿ: ಪ್ರೇಮಕವಿತೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಹೊರದೇಶದ ಕವಿತೆಗಳನ್ನು ಆರಿಸಿ, ಅನುವಾದ ಮಾಡಿಸಿ, ಅಚ್ಚು ಹಾಕಿಸುವ ಕನ್ನಡದ ಸಂಪಾದಕರೇ,

ನಮಸ್ಕಾರ.

ಪ್ರೇಮಿಗಳ ದಿನ ಹತ್ತಿರ ಬಂದರೆ ನಿಮಗೆ ಕೈತುಂಬ ಕೆಲಸ. ಪುರವಣಿಗೆ ಪ್ರೇಮಕವಿತೆ ಬೇಕು. ಸಂಕಲನಕ್ಕೆ ಬೇಕು. ಫೇಸ್‌ಬುಕ್ ಪುಟಕ್ಕೂ ಬೇಕು. ಮುಂದಿನ ಸಾಲಿನಲ್ಲಿ ದೊಡ್ಡ ಹೆಸರಿನ ಗಂಡಸರು ಬಂದು ಕೂರುತ್ತಾರೆ. ಪಟ್ಟಿ ಮುಗಿಯುವ ಹೊತ್ತಿಗೆ ‘ಹೆಂಗಸರು ಕಡಿಮೆ ಆದ್ರು ಅಲ್ವಾ’ ಅಂತ ಯಾರೋ ನೆನಪಿಸುತ್ತಾರೆ. ಆಗ ಯುರೋಪಿನ ಯಾವುದೋ ಮೂಲೆಯಿಂದ ಒಬ್ಬ ಕವಯಿತ್ರಿಯನ್ನು ಹುಡುಕಿ ತರುತ್ತೀರಿ.

ಅಂಥ ಒಂದು ಪುಟದಲ್ಲಿ ಕ್ರೊಯೇಷಿಯಾದ ವೆಸ್ನಾ ಪರುನ್ ಅವರನ್ನು ನೋಡಿದೆ. ಯಾರದು ಎಂದು ಹೇಳುವುದಿಲ್ಲ, ಅವರೊಬ್ಬರ ತಪ್ಪೇನೂ ಅಲ್ಲ. ಒಂದು ಕಪ್ಪುಬಿಳುಪು ಫೋಟೋ, ನಾಲ್ಕು ಸಾಲಿನ ಪರಿಚಯ, ಒಂದೇ ಒಂದು ಕವಿತೆ. ಪರಿಚಯದ ಆ ನಾಲ್ಕು ಸಾಲಿನಲ್ಲಿ ವಿರಹ ಇತ್ತು, ಭಗ್ನಪ್ರೇಮ ಇತ್ತು, ಕಣ್ಣೀರು ಎರಡು ಸಲ ಇತ್ತು. ಓದಿದವರು ‘ಪಾಪ’ ಅಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ವೆಸ್ನಾ ಪರುನ್ ‘ಪಾಪ’ ಅನ್ನಿಸಿಕೊಳ್ಳುವ ಕವಿಯೇ ಅಲ್ಲ. ಅದಕ್ಕೇ ಈ ಪತ್ರ.

ಎಲ್ಲರೂ ಆರಿಸುವ ಆ ಕವಿತೆಯಿಂದಲೇ ಶುರು ಮಾಡೋಣ. ‘ನನ್ನವಕ್ಕಿಂತ ಮುಗ್ಧ ಕೈಗಳಿರುವ ನೀನು’ ಅನ್ನುವ ಅರ್ಥದ ಹೆಸರು ಅದಕ್ಕೆ. ಹಿಂದಿನ ಯುಗೊಸ್ಲಾವಿಯಾದ ಭಾಗವಾಗಿದ್ದ ದೇಶಗಳಲ್ಲೆಲ್ಲ ಓದುಗರಿಗೆ ಗೊತ್ತಿರುವ ಕವಿತೆ ಇದು. ಪ್ರೀತಿಸಿದವನು ಈಗ ಬೇರೊಬ್ಬಳ ಜತೆ ಇದ್ದಾನೆ. ಬಿಟ್ಟುಹೋದವನ ಹತ್ತಿರ ಇವಳು ಒಂದು ಮಾತೂ ಆಡುವುದಿಲ್ಲ. ಇಡೀ ಕವಿತೆ ಆ ಇನ್ನೊಬ್ಬಳಿಗೆ ಹೇಳಿದ್ದು.

ನಮ್ಮಲ್ಲಿ ಇಂಥ ಜಾಗಕ್ಕೆ ಬಂದರೆ ಸಾಕು, ಸವತಿ ಮತ್ಸರ ಕಾಣುತ್ತದೆ. ಇಲ್ಲವಾದರೆ ಅದರ ಎದುರು ತುದಿ, ತ್ಯಾಗಮಯಿ ಹೆಣ್ಣು. ಈ ಕವಿತೆಯಲ್ಲಿ ಎರಡೂ ಇಲ್ಲ. ದಯವಿಟ್ಟು ನಿಧಾನಕ್ಕೆ ಓದಿ ನೋಡಿ. ಮೊದಲು ಅವಳು ಹೊಸಬಳನ್ನು ಅಳೆಯುತ್ತಾಳೆ. ಅವನ ಹಣೆಯ ಮೇಲಿನ ಒಂಟಿತನವನ್ನು ನೀನು ನನಗಿಂತ ಚೆನ್ನಾಗಿ ಓದಬಲ್ಲೆ ಎನ್ನುತ್ತಾಳೆ. ಆಮೇಲೆ ಷರತ್ತು ಶುರು. ನಿನ್ನ ಅಪ್ಪುಗೆ ಅವನ ಎದೆಗೆ ಧೈರ್ಯ ಕೊಡುವುದಾದರೆ, ನಿನ್ನ ಹೆಸರು ಕೇಳಿದರೆ ಅವನ ಮನಸ್ಸಿಗೆ ವಿಶ್ರಾಂತಿ ಸಿಗುವುದಾದರೆ, ನಿನ್ನ ದನಿ ಇನ್ನೂ ಬಿರುಗಾಳಿ ಮುಟ್ಟದ ತೋಟವಾಗಿದ್ದರೆ, ಹಾಗಿದ್ದರೆ ಮಾತ್ರ ಅವನ ಪಕ್ಕದಲ್ಲಿ ಉಳಿ. ಅಷ್ಟೇ ಅಲ್ಲ, ನಿನಗಿಂತ ಮೊದಲು ಅವನನ್ನು ಪ್ರೀತಿಸಿದ ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಇರು.

‘ಎಲ್ಲರಿಗಿಂತ’ ಎಂಬಲ್ಲಿ ತಾನೂ ಇದ್ದೇನೆ ಎಂದು ಅವಳಿಗೆ ಗೊತ್ತು. ಹೊಸಬಳಿಗೂ ಗೊತ್ತಾಗುವ ಹಾಗೆ ಹೇಳುತ್ತಾಳೆ.

ಇನ್ನು ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ಅವನ ಸಮುದ್ರ ದಂಡೆಯಲ್ಲಿ ನಡೆದಾಡು, ದುಃಖದಲ್ಲಿರುವ ಡಾಲ್ಫಿನ್‌ಗಳು ನಿನಗೆ ಎದುರಾಗಲಿ. ಅವನ ಕಾಡಿನಲ್ಲಿ ಸುತ್ತಾಡು, ಅಲ್ಲಿನ ಓತಿಕ್ಯಾತಗಳು ಒಳ್ಳೆಯವು, ಏನೂ ಮಾಡುವುದಿಲ್ಲ. ನಾನು ಪಳಗಿಸಿದ ಹಾವುಗಳು ನಿನ್ನ ಮುಂದೆ ತಲೆ ತಗ್ಗಿಸುತ್ತವೆ. ಕೊರೆಯುವ ಚಳಿಯ ರಾತ್ರಿಗಳಲ್ಲಿ ನಾನು ಬೆಚ್ಚಗೆ ಇಟ್ಟುಕೊಂಡ ಹಕ್ಕಿಗಳು ನಿನಗಾಗಿ ಹಾಡಲಿ. ನಿರ್ಜನ ದಾರಿಯಲ್ಲಿ ಗೂಢಚಾರರ ಕೈಗೆ ಸಿಗದ ಹಾಗೆ ನಾನು ಕಾಪಾಡಿದ ಹುಡುಗ ನಿನ್ನನ್ನು ಮುದ್ದಿಸಲಿ.

ಅಳುತ್ತಾ ಮೂಲೆಗೆ ಕೂತವಳು ಹೀಗೆ ಮಾತಾಡುತ್ತಾಳಾ? ಸೊಸೆಯ ಕೈಗೆ ಬೀಗದ ಕೈ ಗೊಂಚಲು ಕೊಡುವಾಗ ಅತ್ತೆ ಒಂದೊಂದು ಕೋಣೆಯ ಗುಣ ಹೇಳುವ ಹಾಗಿದೆ ಇದು. ಕೊಡುತ್ತಿದ್ದಾಳೆ, ನಿಜ. ಆದರೆ ಈ ಮನೆ ಕಟ್ಟಿದ್ದು ಯಾರು ಅನ್ನುವುದನ್ನು ಹೇಳದೆ ಬಿಡುವುದಿಲ್ಲ. ಕಾಡಿಗೆ ‘ಅವನ ಕಾಡು’ ಎಂಬ ಹೆಸರು ಮಾತ್ರ. ಹಾವು ಪಳಗಿಸಿದ್ದು, ಹಕ್ಕಿ ಸಾಕಿದ್ದು, ಹೂವಿಗೆ ನೀರು ಹಾಕಿದ್ದು ಎಲ್ಲ ಇವಳೇ.

ನೋವು ಇಲ್ಲ ಎನ್ನುತ್ತಿಲ್ಲ. ಅವನ ಗಂಡಸುತನದ ಒಳ್ಳೆಯ ಕಾಲ ತನಗೆ ಸಿಗಲಿಲ್ಲ ಎಂದು ನೇರವಾಗಿಯೇ ಹೇಳುತ್ತಾಳೆ. ತನ್ನ ಎದೆಯನ್ನು ಸಂತೆಗೆ ದನ ಹೊಡೆದುಕೊಂಡು ಬರುವವರ ಕಣ್ಣು, ದುರಾಸೆಯ ದರೋಡೆಕೋರರ ಕಣ್ಣು ಹಾಳುಮಾಡಿದವು ಎನ್ನುತ್ತಾಳೆ. ಅವನ ಮಕ್ಕಳ ಕೈ ಹಿಡಿದು ನಡೆಸುವ ಯೋಗ ತನಗಿಲ್ಲ. ಆ ಮಕ್ಕಳಿಗೆಂದು ಎಷ್ಟೋ ಹಿಂದೆ ಕಥೆಗಳನ್ನು ಕೂಡಿಟ್ಟಿದ್ದಳಂತೆ. ಅವನ್ನು ಇನ್ನು ಬಡಪಾಯಿ ಕರಡಿಮರಿಗಳಿಗೆ ಅಳುತ್ತಾ ಹೇಳಿಕೊಳ್ಳಬೇಕೇನೋ ಎನ್ನುತ್ತಾಳೆ. ಕಣ್ಣೀರು ಬೇಕಾದವರಿಗೆ ಇಲ್ಲಿ ಬೇಕಾದಷ್ಟಿದೆ.

ಆದರೆ ಕವಿತೆ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಗೆ ಒಂದು ಬೇಡಿಕೆ ಇಡುತ್ತಾಳೆ. ಅವನ ಮುಖದ ಮೇಲೆ ವರ್ಷಗಳು ಇಳಿಯುವಾಗ ಏನು ಕಾಣುತ್ತದೋ ಅದನ್ನು ನನಗೆ ಹೇಳು. ಆಗಾಗ ಅವನ ಸುದ್ದಿ ಕೊಡು. ಇಲ್ಲವಾದರೆ ನಾನು ಅಪರಿಚಿತರನ್ನು ಕೇಳಬೇಕಾಗುತ್ತದೆ, ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಅಕ್ಕಪಕ್ಕದ ಮನೆಯವರನ್ನು ಕೇಳಿದರೆ ನನ್ನ ತಾಳ್ಮೆ ಕಂಡು ಅಯ್ಯೋ ಎನ್ನುತ್ತಾರೆ.

ಅಕ್ಕಪಕ್ಕದವರ ‘ಅಯ್ಯೋ’ ಬೇಡ ಎಂದು ಕವಿಯೇ ಕವಿತೆಯೊಳಗೆ ಬರೆದಿಟ್ಟಿದ್ದಾರೆ. ಅದೇ ಕವಿತೆಯ ತಲೆಯ ಮೇಲೆ ನಾವು ‘ಅಯ್ಯೋ’ ಅನ್ನುವ ನಾಲ್ಕು ಸಾಲಿನ ಪರಿಚಯ ಅಂಟಿಸುತ್ತೇವೆ. ನನ್ನ ತಕರಾರು ಅರ್ಥವಾಯಿತಲ್ವಾ?

ಈಗ ಬದುಕಿನ ಕಡೆ ಬರುತ್ತೇನೆ. ವೆಸ್ನಾ ಪರುನ್ ಹುಟ್ಟಿದ್ದು 1922ರ ಏಪ್ರಿಲ್ 10ರಂದು, ಏಡ್ರಿಯಾಟಿಕ್ ಸಮುದ್ರದ ಜ್ಲಾರಿನ್ ಎಂಬ ಪುಟ್ಟ ದ್ವೀಪದಲ್ಲಿ. ಶಿಬೆನಿಕ್ ಎಂಬ ಊರಿನ ಎದುರಿಗೆ ಇರುವ ದ್ವೀಪ ಅದು. ಅಲ್ಲಿನವರು ತಲೆತಲಾಂತರದಿಂದ ಸಮುದ್ರದ ತಳದಿಂದ ಕೆಂಪು ಹವಳ ತೆಗೆಯುತ್ತಿದ್ದರು. ಆಕೆಯ 1959ರ ಒಂದು ಸಂಕಲನದ ಹೆಸರು ‘ಸಮುದ್ರಕ್ಕೆ ಮರಳಿಸಿದ ಹವಳ’ ಎಂದು. ಹವಳ ಕಿತ್ತು ಮಾರಿ ಬದುಕುವ ದ್ವೀಪದ ಮಗಳು ಈ ಹೆಸರಿಟ್ಟರು ಅನ್ನುವುದು ಗೊತ್ತಿದ್ದರೆ ಓದುವ ರೀತಿಯೇ ಬೇರೆ ಆಗುತ್ತದೆ. ಪರಿಚಯದಲ್ಲಿ ಕಣ್ಣೀರಿನ ಒಂದು ಸಾಲು ತೆಗೆದು ಇದನ್ನು ಹಾಕಬಹುದು.

ಮನೆಯಲ್ಲಿ ಬಡತನ. ಹತ್ತು ವರ್ಷದವರಿದ್ದಾಗ ಮೊದಲ ಕವಿತೆ ಅಚ್ಚಾಯಿತು, ವಸಂತದ ಮೇಲೆ ಬರೆದದ್ದು. ಹದಿನಾಲ್ಕನೇ ವಯಸ್ಸಿಗೆ ಮನೆಪಾಠ ಹೇಳಿ ದುಡಿಯಲು ಶುರು. 1940ರಲ್ಲಿ ಜಾಗ್ರೆಬ್ ವಿಶ್ವವಿದ್ಯಾಲಯ ಸೇರಿದರು. ಮರುವರ್ಷ ಯುದ್ಧ ಬಂತು, ಓದು ನಿಂತಿತು. ಯುದ್ಧ ಮುಗಿದ ಮೇಲೆ ತತ್ವಶಾಸ್ತ್ರ ಓದಲು ಮತ್ತೆ ಸೇರಿದರು. ಅದೂ ಪೂರ್ತಿ ಆಗಲಿಲ್ಲ. ಅದಕ್ಕೆ ಕಾರಣ ಒಂದು ರೈಲು ಹಳಿ.

1947ರಲ್ಲಿ ಯುಗೊಸ್ಲಾವಿಯಾದ ಹೊಸ ಸರ್ಕಾರ ಬೋಸ್ನಿಯಾದಲ್ಲಿ ಶಾಮಾತ್ಸ್ ಎಂಬಲ್ಲಿಂದ ಸರಾಯೆವೊವರೆಗೆ ಸುಮಾರು 240 ಕಿಲೋಮೀಟರ್ ಹಳಿ ಹಾಕಿಸಿತು. ಹಾಕಿದ್ದು ಹುಡುಗ ಹುಡುಗಿಯರ ದಂಡುಗಳು. ಎರಡು ಲಕ್ಷಕ್ಕೂ ಹೆಚ್ಚು ಯುವಜನ ಗುದ್ದಲಿ ಸಲಿಕೆ ಹಿಡಿದು ಹೋದರು. ಅವರಲ್ಲಿ ಇಪ್ಪತ್ತೈದು ವರ್ಷದ ವೆಸ್ನಾ ಕೂಡ ಒಬ್ಬರು. ಅಲ್ಲಿ ಟೈಫಸ್ ಜ್ವರ ಹಿಡಿಯಿತು. ವಿಶ್ವವಿದ್ಯಾಲಯದ ಓದು ಅಲ್ಲಿಗೆ ಮುಗಿಯಿತು.

ಅದೇ 1947ರಲ್ಲಿ ಆಕೆಯ ಮೊದಲ ಪುಸ್ತಕ ಬಂತು. ಹೆಸರು ‘ಜೋರೆ ಇ ವಿಹೋರಿ’, ಅಂದರೆ ‘ಮುಂಜಾವುಗಳು ಮತ್ತು ಸುಂಟರಗಾಳಿಗಳು’. ಇಂದು ಅದನ್ನು ಕ್ರೊಯೇಷಿಯಾದ ಯುದ್ಧೋತ್ತರ ಕಾವ್ಯದ ದೊಡ್ಡ ಪುಸ್ತಕ ಎನ್ನುತ್ತಾರೆ. ಅಂದು ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ದಾರಿಯ ವಿಮರ್ಶಕರು ಅದನ್ನು ಚೆನ್ನಾಗಿ ಜಾಡಿಸಿದರು. ಆಗ ಕವಿತೆ ಹೇಗಿರಬೇಕೆಂದರೆ ಕಾರ್ಖಾನೆ ಇರಬೇಕು, ಕಟ್ಟುವ ಹುಮ್ಮಸ್ಸು ಇರಬೇಕು, ನಾಳೆಯ ಬಗ್ಗೆ ನಂಬಿಕೆ ಇರಬೇಕು. ಈ ಹುಡುಗಿ ನೋಡಿದರೆ ‘ಮನುಷ್ಯನ ತಾಯಿ’ ಎಂಬ ಕವಿತೆಯಲ್ಲಿ ಹೆತ್ತ ತಾಯಿಯನ್ನೇ ಪ್ರಶ್ನೆ ಮಾಡುತ್ತಾಳೆ. ನನ್ನನ್ನು ಹೆರುವ ಬದಲು ಕಪ್ಪು ಚಳಿಗಾಲವನ್ನು ಹೆತ್ತಿದ್ದರೆ ಎಷ್ಟೋ ಚೆನ್ನಾಗಿತ್ತು, ಗುಹೆಯಲ್ಲಿ ಕರಡಿಯನ್ನು ಹೆರಬಹುದಿತ್ತು, ಹಾವನ್ನು ಹೆರಬಹುದಿತ್ತು, ಹೆಣ್ಣಿನ ಹಾಲಿಗಿಂತ ಕಾಡುಮೃಗದ ಹಾಲು ಕುಡಿದು ಬೆಳೆದಿದ್ದರೆ ವಾಸಿ. ಯುದ್ಧದಲ್ಲಿ ಮನುಷ್ಯರು ಮನುಷ್ಯರಿಗೆ ಏನು ಮಾಡಿದರು ಎಂದು ನೋಡಿ ಬಂದವಳ ಮಾತು ಅದು. ವಿಮರ್ಶಕರಿಗೆ ಅದು ನಿರಾಶಾವಾದವಾಗಿ ಕಂಡಿತು.

ತಮಾಷೆ ನೋಡಿ. ದೇಶ ಕಟ್ಟುವ ಉತ್ಸಾಹ ಇಲ್ಲ ಎಂದು ಬೈಸಿಕೊಂಡ ಕವಿ, ಅದೇ ವರ್ಷ ದೇಶದ ಹಳಿ ಹಾಕಲು ಹೋಗಿ ಕಾಯಿಲೆ ಬಿದ್ದವರು. ಬೈದವರಲ್ಲಿ ಎಷ್ಟು ಜನ ಗುದ್ದಲಿ ಹಿಡಿದಿದ್ದರೋ.

ಪೆಟ್ಟು ತಾಗಿತು. ಮರುವರ್ಷ ಬಂದ ‘ಕವಿತೆಗಳು’ ಎಂಬ ಪುಸ್ತಕ ಕಾಲಕ್ಕೆ ತಕ್ಕ ಹಾಗಿದೆ. ಅದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಆಮೇಲೆ ಏಳು ವರ್ಷ ಬೇರೆ ಸಂಕಲನವಿಲ್ಲ. ಅಷ್ಟರಲ್ಲಿ ಯುಗೊಸ್ಲಾವಿಯಾದ ನಾಯಕ ಟಿಟೊ ಸೋವಿಯತ್ ರಷ್ಯಾದ ಸ್ಟಾಲಿನ್‌ನಿಂದ ದೂರವಾದರು. 1952ರಲ್ಲಿ ಲ್ಯುಬ್ಲ್ಯಾನಾದ ಲೇಖಕರ ಸಮ್ಮೇಳನದಲ್ಲಿ ಕ್ರೊಯೇಷಿಯಾದ ಹಿರಿಯ ಲೇಖಕ ಮಿರೊಸ್ಲಾವ್ ಕ್ರ್ಲೆಜಾ ಅವರು ಸಾಹಿತ್ಯಕ್ಕೆ ಪಕ್ಷದ ಅಳತೆಗೋಲು ಬೇಡ ಎಂಬ ಅರ್ಥದ ಭಾಷಣ ಮಾಡಿದರು. ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು. 1955ರಲ್ಲಿ ‘ತ್ಸರ್ನಾ ಮಾಸ್ಲಿನಾ’ ಬಂತು, ‘ಕಪ್ಪು ಆಲಿವ್ ಮರ’. ವೆಸ್ನಾ ಪರುನ್ ಪ್ರೇಮಕವಿ ಎಂದು ಹೆಸರಾದದ್ದು ಈ ಪುಸ್ತಕದಿಂದ.

ಅಂದರೆ ಈ ಪ್ರೇಮಕವಿತೆಗಳು ಬಂದದ್ದು ಯುದ್ಧ, ಕಾಯಿಲೆ, ಬೈಗುಳ, ಮೌನ ಇಷ್ಟೆಲ್ಲ ಆದ ಮೇಲೆ. ಪಕ್ಷ ಒಪ್ಪುವಂಥ ಕವಿತೆ ಬರೆದು ನೋಡಿಯಾಗಿತ್ತು. ಮತ್ತೆ ಒಬ್ಬ ಗಂಡಸಿನ ನಿದ್ದೆಯ ಬಗ್ಗೆ, ಸಮುದ್ರ ದಂಡೆಯ ಬಗ್ಗೆ ಬರೆಯುತ್ತೇನೆ ಎಂದು ಹೊರಟದ್ದು ಸಣ್ಣ ಧೈರ್ಯವಲ್ಲ. ನಾವು ಅದನ್ನು ಓದುವುದು ಮಾತ್ರ ಕಾಲೇಜು ಹುಡುಗಿಯ ಡೈರಿ ಓದುವ ಹಾಗೆ.

ನಿದ್ದೆ ಎಂದೆನಲ್ಲ. ‘ಮಲಗಿದ ಯುವಕ’ ಎಂಬ ಒಂದು ಕವಿತೆ ಇದೆ. ಮಂಪರು ಹಿಡಿದ ಕೊಲ್ಲಿಯ ದಂಡೆಯ ಮೇಲೆ ಒಬ್ಬ ಯುವಕ ಮೈಚಾಚಿ ಮಲಗಿದ್ದಾನೆ. ಅಲೆಗಳ ಕಡೆ ಮುಖ ಮಾಡಿದ ಒಂಟಿ ದ್ರಾಕ್ಷಿತೋಟದ ಹಾಗೆ ಕಾಣುತ್ತಾನೆ. ಒಬ್ಬ ಹೆಣ್ಣು ಅವನನ್ನು ನೋಡುತ್ತಿದ್ದಾಳೆ. ಹೆಚ್ಚುಕಡಿಮೆ ಇಷ್ಟೇ ಕವಿತೆ.

ಇಷ್ಟೇ ಅಂತ ಬಿಟ್ಟುಬಿಡಬೇಡಿ. ಅದೇ ಸಮುದ್ರದ ಹ್ವಾರ್ ದ್ವೀಪದಲ್ಲಿ 16ನೇ ಶತಮಾನದಲ್ಲಿ ಹಾನಿಬಾಲ್ ಲೂತ್ಸಿಚ್ ಎಂಬ ಕವಿ ಇದ್ದ. ತನ್ನ ಪ್ರಿಯತಮೆಯ ಕೂದಲು, ಹಣೆ, ಕಣ್ಣು, ತುಟಿ, ಕತ್ತು ಹೀಗೆ ಒಂದೊಂದಾಗಿ ಹೊಗಳಿ ಬರೆದ ಅವನ ಕವಿತೆ ಕ್ರೊಯೇಷಿಯಾದಲ್ಲಿ ಬಹಳ ಪ್ರಸಿದ್ಧ. ಗಂಡು ನೋಡುವುದು, ಹೆಣ್ಣು ನೋಡಿಸಿಕೊಳ್ಳುವುದು. ಪದ್ಧತಿ ಹಾಗೇ ನಡೆದುಕೊಂಡು ಬಂದಿತ್ತು. ವೆಸ್ನಾ ಅವರ ಕವಿತೆಯಲ್ಲಿ ಗಂಡು ಕಣ್ಣು ಮುಚ್ಚಿದ್ದಾನೆ. ಹೆಣ್ಣಿನ ಕಣ್ಣು ತೆರೆದಿದೆ. ಅವನ ಮೈ, ಬಿಸಿಲು, ಬಳ್ಳಿ, ನೀರು ಎಲ್ಲವನ್ನೂ ಆಕೆ ಬಿಡುವಾಗಿ ನೋಡುತ್ತಾಳೆ. ನಾಚಿಕೆ ಇಲ್ಲ, ಕ್ಷಮೆ ಕೇಳುವುದಿಲ್ಲ. 1950ರ ದಶಕದ ಕ್ಯಾಥೊಲಿಕ್ ದ್ವೀಪದ ಹೆಣ್ಣುಮಗಳು ಇದನ್ನು ಬರೆದಿದ್ದಾರೆ. ನಿಮ್ಮ ಸಂಕಲನಕ್ಕೆ ಒಂದೇ ಕವಿತೆ ಸಾಕು ಅನ್ನುವುದಾದರೆ ಇದನ್ನು ಆರಿಸಿ ಎಂದು ನಾನು ಜಗಳ ಆಡುತ್ತೇನೆ.

‘ನೀನು ಹತ್ತಿರ ಇದ್ದಿದ್ದರೆ’ ಎಂಬುದು ಇನ್ನೊಂದು ದಾರಿಯ ಕವಿತೆ. ಹತ್ತಿರ ಇದ್ದಿದ್ದರೆ ನಿನ್ನ ಊರುಗೋಲಿಗೆ ಹಣೆ ಆನಿಸುತ್ತಿದ್ದೆ, ನಗುತ್ತಾ ನಿನ್ನ ಮೊಣಕಾಲು ತಬ್ಬಿಕೊಳ್ಳುತ್ತಿದ್ದೆ. ಆದರೆ ನೀನು ಹತ್ತಿರ ಇಲ್ಲ. ಕೊನೆಗೆ ಆಸೆ ಎಷ್ಟಕ್ಕೆ ಇಳಿಯುತ್ತದೆ ನೋಡಿ: ಬೆಟ್ಟದ ಒಂಟಿ ಮನೆಯ ಮೇಲೆ ನಿಂತ ಮಳೆಮೋಡದಷ್ಟು ಹತ್ತಿರವಾದರೂ ಇರಬಾರದಿತ್ತೇ. ಮಲೆನಾಡಿನಲ್ಲಿ ಬೆಳೆದವರಿಗೆ ಈ ಮೋಡ ಎಷ್ಟು ಹತ್ತಿರ ಬರುತ್ತದೆ, ಎಷ್ಟು ಕೈಗೆ ಸಿಗುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

‘ದಾರಿಯ ಮೇಲಿನ ಮನೆ’ ಕೂಡ ಬಿಡಬೇಡಿ. ಒಬ್ಬ ಹೆಣ್ಣು ದಾರಿಬದಿಯ ದೂಳಿನಲ್ಲಿ ಮಲಗಿದ್ದಾಳೆ. ಪಕ್ಕದಲ್ಲಿ ಒಬ್ಬ ಗಂಡು. ಅವನ ಮುಖ ಇವಳು ನೋಡಿಲ್ಲ, ಇವಳ ಮುಖ ಅವನು ನೋಡಿಲ್ಲ. ನಕ್ಷತ್ರಗಳು ಇಳಿಯುತ್ತವೆ. ಕೈಗಳನ್ನೂ ನೋಡಿಕೊಂಡಿಲ್ಲ. ಪೂರ್ವ ದಿಕ್ಕು ನಿಂಬೆಕಾಯಿಯ ಹಸಿರಿಗೆ ತಿರುಗುತ್ತದೆ. ಒಂದು ಹಕ್ಕಿಯ ದೆಸೆಯಿಂದ ಇವಳು ಕಣ್ಣು ಬಿಡುತ್ತಾಳೆ. ಜೀವಮಾನವಿಡೀ ಪ್ರೀತಿಸಿದ್ದು ಯಾರನ್ನು ಎಂದು ಆಗ ಗೊತ್ತಾಗುತ್ತದೆ. ತಾನು ತಬ್ಬಿದ್ದು ಯಾರ ಬಡ ಕೈಗಳನ್ನು ಎಂದು ಅವನಿಗೂ ಗೊತ್ತಾಗುತ್ತದೆ. ಅವನು ಗಂಟು ಎತ್ತಿಕೊಂಡು ಅಳುತ್ತಾ ಮನೆಗೆ ಹೊರಡುತ್ತಾನೆ. ಅವನ ಮನೆ ಎಂದರೆ ದಾರಿಯ ದೂಳು. ಇವಳ ಮನೆಯೂ ಅದೇ. ಇಲ್ಲಿ ಅಳುವವನು ಗಂಡಸು ಅನ್ನುವುದನ್ನು ಗಮನಿಸಿ. ಯಾರು ಯಾರನ್ನು ಬಿಟ್ಟರು ಎಂಬ ಪಂಚಾಯ್ತಿಯೇ ಇಲ್ಲ.

ಇಂಥ ಕವಿತೆಗಳ ಹಿಂದಿನ ‘ಅವನು’ ಯಾರು ಅಂತ ಹುಡುಕುವ ಚಟ ಕೆಲವರಿಗಿದೆ. ಸುಮ್ನೆ ಬಿಟ್ಟುಬಿಡಿ. ಗಂಡಸು ಕವಿತೆ ಬರೆದರೆ ಛಂದಸ್ಸು ನೋಡುತ್ತೀರಿ, ಹೆಂಗಸು ಬರೆದರೆ ವಿಳಾಸ ಹುಡುಕುತ್ತೀರಿ.

ಮುಂದಿನ ಐವತ್ತು ವರ್ಷ ವೆಸ್ನಾ ಸುಮ್ಮನೆ ಕೂತವರಲ್ಲ. ಒಟ್ಟು ಅರವತ್ತಕ್ಕೂ ಹೆಚ್ಚು ಪುಸ್ತಕ ಬರೆದರು. ಬರವಣಿಗೆಯೊಂದನ್ನೇ ನಂಬಿ ಬದುಕಿದ ಮೊದಲ ಕ್ರೊಯೇಷಿಯನ್ ಲೇಖಕಿ ಎಂದು ಆಕೆಯನ್ನು ಕರೆಯುತ್ತಾರೆ. ನೌಕರಿ ಇಲ್ಲ, ತಿಂಗಳ ಸಂಬಳ ಇಲ್ಲ. ಕವಿತೆ ಬರೆದು ಅಕ್ಕಿಬೇಳೆ ತರುವುದು ಎಂದರೆ ಏನು ಅಂತ ನಿಮಗೆ ನಾನು ಹೇಳಬೇಕೇ? ಗೌರವಧನದ ಚೆಕ್ಕಿನ ಮೊತ್ತ ನಿಮಗೇ ಚೆನ್ನಾಗಿ ಗೊತ್ತು. ನಾಟಕ ಬರೆದರು. ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆದರು. ಸ್ಲೊವೇನಿಯನ್, ಜರ್ಮನ್, ಫ್ರೆಂಚ್, ಬಲ್ಗೇರಿಯನ್ ಭಾಷೆಗಳಿಂದ ಅನುವಾದ ಮಾಡಿದರು. 1960ರ ದಶಕದಲ್ಲಿ ಕೆಲವು ವರ್ಷ ಬಲ್ಗೇರಿಯಾದಲ್ಲಿದ್ದರು. ಆ ಕಡೆಯ ಥ್ರೇಸ್ ಪ್ರದೇಶದ ಹೆಸರು ಹೊತ್ತ ‘ಥ್ರೇಸಿನ ಗಾಳಿ’ ಎಂಬ ಸಂಕಲನ 1964ರದ್ದು.

1968ರಲ್ಲಿ ಬಂದ ಮಕ್ಕಳ ಪುಸ್ತಕದ ನಾಯಕ ಒಂದು ಬೆಕ್ಕು. ಅದರ ಹೆಸರು ಚೆಂಗಿಸ್ ಖಾನ್! ಕ್ರೊಯೇಷಿಯಾದಲ್ಲಿ ಎಷ್ಟೋ ಜನ ವೆಸ್ನಾ ಪರುನ್ ಹೆಸರನ್ನು ಮೊದಲು ಕೇಳಿದ್ದು ಈ ಬೆಕ್ಕಿನಿಂದ. ದುಃಖದ ಪ್ರತಿಮೆ ಮಾಡಿ ನಿಲ್ಲಿಸಿದ ಕವಿಯ ಚೀಲದಲ್ಲಿ ಇಂಥ ಬೆಕ್ಕೂ ಇತ್ತು. 1972ರಲ್ಲಿ ನೂರು ಸಾನೆಟ್‌ಗಳ ಪುಸ್ತಕ ತಂದರು. ಹಳೆಯ ಕವಿತೆಗಳು ಹರಡಿಕೊಂಡು, ಲಯ ತಾನಾಗಿ ಬರುವ ಹಾಗೆ ಇದ್ದವು. ಸಾನೆಟ್ ಎಂದರೆ ಹದಿನಾಲ್ಕು ಸಾಲಿನ ಬಿಗಿ ಕಟ್ಟು. ಹೆಸರು ತಂದುಕೊಟ್ಟ ದಾರಿ ಬಿಟ್ಟು ಬೇರೆ ದಾರಿ ಹಿಡಿದರು ಎಂದು ಕೆಲವರಿಗೆ ಬೇಸರ. ನನಗೂ ಹಳೆಯವೇ ಹೆಚ್ಚು ಇಷ್ಟ. ಆದರೆ ಐವತ್ತನೇ ವಯಸ್ಸಿನಲ್ಲಿ ಕವಿಯೊಬ್ಬರು ಹೊಸ ಕಟ್ಟು ಕಲಿತರೆ ಅದು ಬೇಸರ ಪಡುವ ವಿಷಯವಾ?

ಇನ್ನೊಂದು ಹೆಸರು ನಿಮ್ಮ ಕಿವಿಗೆ ಬೀಳಲೇಬೇಕು. 2000ದಲ್ಲಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಆಕೆ ಒಂದು ಪುಸ್ತಕ ತಂದರು: ‘ರಾಜಕೀಯ ವ್ಯಾಲೆಂಟೈನ್ಸ್ ಡೇ’. ಆ ಹೊತ್ತಿಗೆ ಕ್ರೊಯೇಷಿಯಾ ಸ್ವತಂತ್ರ ದೇಶವಾಗಿತ್ತು. ಇನ್ನೊಂದು ಯುದ್ಧ ಬಂದು ಹೋಗಿತ್ತು. ವೆಸ್ನಾ ವ್ಯಂಗ್ಯಕ್ಕೆ ಕೈ ಹಾಕಿದ್ದರು, ಅಧಿಕಾರದಲ್ಲಿದ್ದವರನ್ನು ಚುಚ್ಚುತ್ತಿದ್ದರು. ಪ್ರೇಮಿಗಳ ದಿನಕ್ಕೆ ಆಕೆಯ ಕಣ್ಣೀರು ಹುಡುಕುವ ನಾವು, ಅದೇ ಪ್ರೇಮಿಗಳ ದಿನದ ಹೆಸರಿನಲ್ಲಿ ಆಕೆ ರಾಜಕೀಯವನ್ನು ಗೇಲಿ ಮಾಡಿದ್ದನ್ನು ಯಾಕೆ ಬಿಟ್ಟುಬಿಡುತ್ತೇವೆ?

ಕೊನೆಯ ವರ್ಷಗಳು ಸುಖದವಲ್ಲ. ಜಾಗ್ರೆಬ್‌ನ ಉತ್ತರಕ್ಕಿರುವ ಸ್ಟುಬಿಚ್ಕೆ ಟೋಪ್ಲಿತ್ಸೆ ಬಿಸಿನೀರಿನ ಬುಗ್ಗೆಗಳ ಊರು, ಅಲ್ಲಿ ಒಂದು ಆಸ್ಪತ್ರೆ ಇದೆ. ಓಡಾಡಲು ಆಗದ ವೆಸ್ನಾ ಅಲ್ಲೇ ಉಳಿದರು. ಬರೆಯುವುದನ್ನು ಮಾತ್ರ ಬಿಡಲಿಲ್ಲ. 2001ರ ಒಂದು ಪುಸ್ತಕಕ್ಕೆ ‘ನಲವತ್ತು ಚೀಲಗಳಲ್ಲಿ ನನ್ನ ಬದುಕು’ ಎಂಬ ಅರ್ಥದ ಉಪಶೀರ್ಷಿಕೆ ಇದೆ. 2010ರ ಅಕ್ಟೋಬರ್ 25ರಂದು, ಎಂಬತ್ತೆಂಟನೇ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಮಣ್ಣು ಮಾಡಿದ್ದು ತಾಯಿಯ ಕಡೆಯ ಶೋಲ್ಟಾ ದ್ವೀಪದಲ್ಲಿ.

ಈಗ ಕೆಲಸದ ಮಾತು.

ಒಂದು ಕವಿತೆ ಸಾಲದು, ಕನಿಷ್ಠ ಐದಾರು ಹಾಕಿ. ‘ಮಲಗಿದ ಯುವಕ’ ಮತ್ತು ‘ದಾರಿಯ ಮೇಲಿನ ಮನೆ’ ಪ್ರೇಮಕವಿತೆಯ ಪುಟದಲ್ಲಿ ಇರಲಿ, ಅದರ ಪಕ್ಕದಲ್ಲೇ ‘ಮನುಷ್ಯನ ತಾಯಿ’ಯೂ ಇರಲಿ. ಯುದ್ಧದ ಕವಿತೆ ಪ್ರೇಮದ ಸಂಕಲನಕ್ಕೆ ಯಾಕೆ ಎಂದು ಕೇಳಬೇಡಿ. ದಾರಿಯಲ್ಲಿ ಹುಡುಗನನ್ನು ಗೂಢಚಾರರಿಂದ ಕಾಪಾಡಿದ ಸಾಲು ಪ್ರೇಮಕವಿತೆಯೊಳಗೇ ಇದೆಯಲ್ಲ. ವ್ಯಂಗ್ಯದ್ದು ಒಂದಾದರೂ ಬರಲಿ. ಬೆಕ್ಕಿನದೂ ಒಂದು ಬಂದರೆ ನನಗಂತೂ ಖುಷಿ.

ಇಂಗ್ಲಿಷಿನಿಂದ ಅನುವಾದ ಮಾಡಿಸುತ್ತೀರಿ, ಬೇರೆ ದಾರಿ ಇಲ್ಲದಿದ್ದರೆ ಆಗಲಿ. ಆದರೆ ಒಂದೇ ಇಂಗ್ಲಿಷ್ ಪಾಠ ಇಟ್ಟುಕೊಂಡು ಕೂರಬೇಡಿ. ಮೂಲದ ವಾಚನಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಭಾಷೆ ಗೊತ್ತಿಲ್ಲದಿದ್ದರೂ ಅನುವಾದಕರು ಒಮ್ಮೆ ಕೇಳಲಿ. ಸಾಲು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಒಂದೇ ಮಾತು ಮತ್ತೆ ಮತ್ತೆ ಹೇಗೆ ಬಂದು ಬಡಿಯುತ್ತದೆ ಅನ್ನುವುದು ಕಿವಿಗೆ ಗೊತ್ತಾಗುತ್ತದೆ. ಅದು ಗೊತ್ತಾದರೆ ‘ಓ ಸಖಿ’, ‘ಹೇ ನಲ್ಲೆ’ ಅಂತೆಲ್ಲ ಸೇರಿಸುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಅನುಮತಿ ತೆಗೆದುಕೊಳ್ಳಿ. ಕವಿ ತೀರಿಕೊಂಡದ್ದು 2010ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಇರುತ್ತದೆ, ಕ್ರೊಯೇಷಿಯಾದಲ್ಲಿ ಎಪ್ಪತ್ತು ವರ್ಷ. ಬರೆದೇ ಬದುಕಿದ ಒಬ್ಬರ ಕವಿತೆಯನ್ನು ಪುಕ್ಕಟೆ ಹಾಕಿಕೊಂಡು ಅವರ ಬಡತನದ ಬಗ್ಗೆ ಮರುಗುವುದು ಚೆನ್ನಾಗಿ ಕಾಣುವುದಿಲ್ಲ. ತಮ್ಮ ಸಾಹಿತ್ಯ ಬೇರೆ ಭಾಷೆಗೆ ಹೋಗಲಿ ಎಂದು ಕ್ರೊಯೇಷಿಯಾದ ಸಂಸ್ಕೃತಿ ಸಚಿವಾಲಯ ಹೊರದೇಶದ ಪ್ರಕಾಶಕರಿಗೆ ನೆರವು ಕೊಡುತ್ತದೆ. ಒಂದು ಅರ್ಜಿ ಹಾಕಿ ನೋಡಿ, ಹೋಗುವುದೇನು?

ಹೋಲಿಕೆಯ ವಿಷಯದಲ್ಲೂ ಒಂದು ಮಾತು. ‘ಕ್ರೊಯೇಷಿಯಾದ ಅಕ್ಕಮಹಾದೇವಿ’ ಎಂದು ಯಾರಾದರೂ ಬರೆದು ಕಳಿಸಿದರೆ ದಯವಿಟ್ಟು ಹೊಡೆದುಹಾಕಿ. ಅಕ್ಕನಿಗೂ ಅದರಿಂದ ಲಾಭವಿಲ್ಲ, ವೆಸ್ನಾಗೂ ಇಲ್ಲ. ಒಬ್ಬರ ಚೆನ್ನಮಲ್ಲಿಕಾರ್ಜುನನಿಗೆ ಸಾವಿಲ್ಲ, ಕೇಡಿಲ್ಲ. ಇನ್ನೊಬ್ಬರ ಗಂಡಸಿಗೆ ವಯಸ್ಸಾಗುತ್ತದೆ, ಆ ವಯಸ್ಸಾಗುವುದನ್ನು ನೋಡಲು ಆಗಲಿಲ್ಲ ಅನ್ನುವುದೇ ಅವರ ಸಂಕಟ.

ಫೋಟೋ ಹಾಕುವಾಗಲೂ ಸ್ವಲ್ಪ ಎಚ್ಚರ. ಕ್ರೊಯೇಷಿಯಾದಲ್ಲಿ ಇನ್ನೊಬ್ಬ ವೆಸ್ನಾ ಇದ್ದರು, ವೆಸ್ನಾ ಕ್ರಂಪೊಟಿಚ್. ಅವರೂ ಕವಿ. 1932ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡರು. ದೆಹಲಿಗೆ ಬಂದು ಬಂಗಾಳಿ ಕಲಿತವರು, ಭಾರತದ ಸಾಹಿತ್ಯವನ್ನು ತಮ್ಮ ಭಾಷೆಗೆ ಒಯ್ದವರು. ಅವರ ಬಗ್ಗೆ ಬೇರೆಯೇ ಲೇಖನ ಬರೆಸಿ, ನಮಗೆ ಆ ಋಣ ಇದೆ. ಹೆಸರು ಒಂದೇ ಅಂತ ಒಬ್ಬರ ಕವಿತೆಗೆ ಇನ್ನೊಬ್ಬರ ಮುಖ ಅಂಟಿಸಬೇಡಿ, ಅಷ್ಟೇ.

ಇಷ್ಟಕ್ಕೆಲ್ಲ ಪುಟ ಎಲ್ಲಿಂದ ತರೋಣ ಎಂದು ನೀವು ಕೇಳುತ್ತೀರಿ, ಗೊತ್ತು. ನಮ್ಮ ಸಂಕಲನಗಳಲ್ಲಿ ಪ್ರಕಾಶಕರ ಮಾತು, ಸಂಪಾದಕರ ಮಾತು, ಮುನ್ನುಡಿ, ಬೆನ್ನುಡಿ, ಹಾರೈಕೆ, ಕೃತಜ್ಞತೆ ಎಲ್ಲ ಸೇರಿ ಕವಿತೆ ಶುರುವಾಗುವ ಮೊದಲೇ ಎಷ್ಟು ಪುಟ ಹೋಗುತ್ತದೆ ಎಂದು ಒಮ್ಮೆ ಎಣಿಸಿ. ಅದರಲ್ಲಿ ಹಾರೈಕೆ ತೆಗೆದರೆ ‘ಮಲಗಿದ ಯುವಕ’ನಿಗೆ ಜಾಗವಾಗುತ್ತದೆ. ಪ್ರಕಾಶಕರ ಮಾತು ಅರ್ಧ ಪುಟಕ್ಕೆ ಇಳಿಸಿದರೆ ‘ದಾರಿಯ ಮೇಲಿನ ಮನೆ’ ಸಲೀಸಾಗಿ ಕೂರುತ್ತದೆ. ಮುನ್ನುಡಿ ಬರೆದವರಿಗೆ ಬೇಜಾರಾದರೆ ನನ್ನ ಹೆಸರು ಹೇಳಿ.

ಇಂತಿ,
ನಿಮ್ಮ ಸಂಕಲನಗಳನ್ನು ದುಡ್ಡು ಕೊಟ್ಟು ಕೊಳ್ಳುವ ಒಬ್ಬ ಓದುಗ